ಹಳೆಯ ಕೋವಿಗೆ ಬಿಡಿಭಾಗ

ಕೆರಾಡಿಯಂಥ ಘಟ್ಟದ ತಪ್ಪಲಿನ ಊರುಗಳಲ್ಲಿ ಅಡಿಕೆ ತೋಟಕ್ಕೆ ಹಂದಿ, ಮಂಗಗಳ ಕಾಟ ತಪ್ಪಿದ್ದಲ್ಲ. ಬೆಳೆ ರಕ್ಷಣೆಗೆಂದು ಹಿರಿಯರಿಂದ ಬಂದ ಕೋವಿಯ ಸ್ಪ್ರಿಂಗು ಸೋತರೆ, ಪಿನ್ನು ಮುರಿದರೆ, ಎಷ್ಟೋ ಸಲ ಅದನ್ನು ತಯಾರಿಸಿದ ಕಂಪೆನಿಯೇ ಈಗ ಇರುವುದಿಲ್ಲ. ಆಗ ಊರ ಕಮ್ಮಾರನ ಕುಲುಮೆ ನೆನಪಾಗುವುದು ಸಹಜ.

ಆದರೆ ಬೆಳೆಗಾರರಾದ ನಾವು ಒಂದು ಮಾತು ಮರೆಯಬಾರದು. ಕೋವಿಯಾಗಲಿ, ರಿವಾಲ್ವರಾಗಲಿ, 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಅದರ ಬಿಡಿಭಾಗವೂ ಆಯುಧವೇ. ದುರಸ್ತಿ ಮಾಡುವವರಿಗೂ ಪರವಾನಗಿ ಬೇಕು. ಹದ ತಪ್ಪಿದ ಪಿನ್ನು ಕೈಯನ್ನೋ ಕಣ್ಣನ್ನೋ ಕಳೆದೀತು.

ಆದ್ದರಿಂದ ಲೈಸೆನ್ಸಿನೊಂದಿಗೆ ಪರವಾನಗಿ ಉಳ್ಳ ದುರಸ್ತಿಗಾರರಲ್ಲಿಗೇ ಒಯ್ಯೋಣ. ಮುರಿದ ತುಂಡನ್ನು ಎಸೆಯದಿರೋಣ. ಅಂಗಡಿಯಲ್ಲಿ ಸಿಗದ ಭಾಗವನ್ನು ನುರಿತವರು ಅದರ ಅಳತೆಗೇ ಅರ ಹಾಕಿ ಕೂರಿಸುತ್ತಾರೆ. ಕೋವಿಯ ನಂಬರು ಅಳಿಸುವುದು ಅಪರಾಧ, ಅದನ್ನು ಮುಟ್ಟಗೊಡದಿರೋಣ. ರಸೀದಿಯನ್ನು ಲೈಸೆನ್ಸಿನ ಜತೆಗೇ ಇಡೋಣ.