ಹೊಟ್ಟೆಗೆ ಕೂಲೆಂಟ್ ಇಲ್ಲ, ಜುಟ್ಟಿಗೆ ರೂಫ್ ರ‍್ಯಾಕ್: ಹಳೇ ಡೀಸೆಲ್ ವ್ಯಾನನ್ನು ದೂರದ ದಾರಿಗೆ ಸಿದ್ಧ ಮಾಡೋದು ಹೇಗೆ?

ಕಳೆದ ಸಂಚಿಕೆಯಲ್ಲಿ ನ್ಯೂಜಿಲೆಂಡ್‌ನಲ್ಲಿ ನಾವು ವ್ಯಾನಲ್ಲೇ ಮಲಗಿ ಊರೂರು ಸುತ್ತೋದರ ಬಗ್ಗೆ ಹೇಳಿದ್ದೆ. ಆಮೇಲೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಥರ: "ಅಣ್ಣಾ, ವ್ಯಾನ್ ತಗೊಂಡ್ಮೇಲೆ ಮೊದಲು ಏನು ಹಾಕಿಸ್ಬೇಕು? ದೊಡ್ಡ ಟೈರಾ, ರೂಫ್ ರ‍್ಯಾಕಾ, ಎಲ್‌ಇಡಿ ಲೈಟಾ?"

ನನ್ನ ಉತ್ತರ: ಮೂರೂ ಅಲ್ಲ. ಮೊದಲ ದುಡ್ಡು ಎಂಜಿನ್ ತಂಪಾಗಿಡೋ ವ್ಯವಸ್ಥೆಗೆ. ಎರಡನೇದು ಬ್ರೇಕ್, ಟೈರ್‌ಗೆ. ಉಳಿದಿದ್ದು ಹಾಸಿಗೆ, ಫ್ರಿಜ್‌ಗೆ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಅಂತಾರಲ್ಲ, ವ್ಯಾನ್ ವಿಷಯದಲ್ಲಿ ನಾವು ಮಾಡೋದು ಹೆಚ್ಚಾಗಿ ಅದನ್ನೇ.

ಯಾವ ವ್ಯಾನ್?

ನನ್ನ ಹತ್ರ ಇರೋದು ಮಿತ್ಸುಬಿಷಿ ಡೆಲಿಕಾ ಸ್ಪೇಸ್ ಗೇರ್. 1994ರಲ್ಲಿ ಜಪಾನಿನಲ್ಲಿ ಬಂದ ಮಾದರಿ. 2.8 ಲೀಟರ್ ಟರ್ಬೊ ಡೀಸೆಲ್ ಎಂಜಿನ್, ಫೋರ್ ವೀಲ್ ಡ್ರೈವ್, ಒಳಗೆ ಒಂದು ಕುಟುಂಬ ಕಾಲು ಚಾಚಿ ಮಲಗುವಷ್ಟು ಜಾಗ. ಜಪಾನಿನಲ್ಲಿ ಓಡಿದ ಇಂಥ ಹಳೇ ಗಾಡಿಗಳು ಹಡಗಿನಲ್ಲಿ ನ್ಯೂಜಿಲೆಂಡಿಗೆ ಸಾಲುಸಾಲಾಗಿ ಬಂದಿವೆ. ಇಲ್ಲೂ ನಮ್ಮೂರಿನ ಹಾಗೆ ಎಡಗಡೆ ಓಡಿಸೋದು, ಸ್ಟೀರಿಂಗ್ ಬಲಗಡೆ. ಹಾಗಾಗಿ ಕನ್ನಡದ ಕುಟುಂಬಗಳಿಗೂ ಓಡಿಸೋದು ಕಷ್ಟ ಅಲ್ಲ.

ಆದ್ರೆ ನೆನಪಿಡಿ, ಇವು ಮೂವತ್ತು ವರ್ಷದ ಆಸುಪಾಸಿನ ಗಾಡಿಗಳು. ಮೂತಿ ಮೊಂಡಾಗಿರೋದರಿಂದ ಎಂಜಿನ್ನಿನ ಬಹುಭಾಗ ಮುಂದಿನ ಸೀಟುಗಳ ನಡುವೆ ಅಡಗಿ ಕೂತಿರುತ್ತೆ. ಅಲ್ಲಿಂದ ಬಿಸಿ ಸುಲಭವಾಗಿ ಹೊರಗೆ ಹೋಗಲ್ಲ, ನಮ್ಮ ಕೈಯೂ ಸುಲಭವಾಗಿ ಒಳಗೆ ಹೋಗಲ್ಲ.

ಮುಳ್ಳು ಸುಳ್ಳು ಹೇಳುತ್ತೆ

ಇದು ಇವತ್ತಿನ ಮುಖ್ಯ ಮಾತು, ಗಮನ ಕೊಟ್ಟು ಕೇಳಿ. ಡ್ಯಾಶ್‌ಬೋರ್ಡಿನಲ್ಲಿ ಟೆಂಪರೇಚರ್ ಮುಳ್ಳು ಇದೆಯಲ್ಲ, ಅದು ಎಂಜಿನ್ನಿನ ಬಿಸಿಯನ್ನು ನೇರವಾಗಿ ಅಳೆಯಲ್ಲ. ಕೂಲೆಂಟ್‌ನಲ್ಲಿ ಮುಳುಗಿರೋ ಒಂದು ಸೆನ್ಸರ್ ಆ ದ್ರವದ ಬಿಸಿಯನ್ನು ಹೇಳುತ್ತೆ. ಪೈಪ್ ತೂತಾಗಿ ಕೂಲೆಂಟ್ ಸೋರಿಹೋದರೆ ಸೆನ್ಸರ್ ಸುತ್ತ ಉಳಿಯೋದು ಗಾಳಿ, ಆವಿ. ಆಗ ಮುಳ್ಳು ಮೇಲೇರೋ ಬದಲು ಮಧ್ಯದಲ್ಲೇ ನಿಲ್ಲಬಹುದು, ಕೆಳಗೂ ಇಳಿಯಬಹುದು. ನೀವು "ಎಲ್ಲ ಸರಿ ಇದೆ" ಅಂತ ಹಾಡು ಕೇಳ್ತಾ ಘಾಟಿ ಹತ್ತುತ್ತಾ ಇರ್ತೀರಿ, ಅಲ್ಲಿ ಸಿಲಿಂಡರ್ ಹೆಡ್ ಬೇಯ್ತಾ ಇರುತ್ತೆ. ಅತಿ ಬಿಸಿಗೆ ಹೆಡ್ ಸೊಟ್ಟಗಾಗುತ್ತೆ ಇಲ್ಲ ಬಿರುಕು ಬಿಡುತ್ತೆ. ಹಳೇ ಗಾಡಿಗೆ ಆ ರಿಪೇರಿ ಗಾಡಿಯ ಬೆಲೆಯನ್ನೇ ಮೀರಬಹುದು.

ನಮಗೆ ಪರಿಚಯದ ಒಂದು ಕುಟುಂಬಕ್ಕೆ ಹೀಗೇ ಆಯ್ತು. ಡೆಸರ್ಟ್ ರೋಡ್ ಅಂತ ಉತ್ತರ ದ್ವೀಪದ ನಡುವೆ, ಜ್ವಾಲಾಮುಖಿ ಬೆಟ್ಟಗಳ ಪಕ್ಕ ಹಾದು ಹೋಗೋ ಹೆದ್ದಾರಿ. ಮನೆ ಇಲ್ಲ, ಅಂಗಡಿ ಇಲ್ಲ, ಚಳಿಗಾಲ. ಹಿಂದಿನ ಸೀಟಲ್ಲಿ ಎರಡು ಚಿಕ್ಕ ಮಕ್ಕಳು. ಗಾಡಿ ನಿಂತೇ ಹೋಯ್ತು. ಟೋ ಟ್ರಕ್ ಬರೋವರೆಗೆ ಎಲ್ಲರೂ ಕಂಬಳಿ ಹೊದ್ದು ಕೂತಿದ್ದರಂತೆ. ಆ ವ್ಯಾನ್ ಮತ್ತೆ ರಸ್ತೆಗೆ ಬರಲೇ ಇಲ್ಲ. ಅದರ ಮೇಲೆ ಹೊಸ ರ‍್ಯಾಕು, ಅದಕ್ಕೊಂದು ಟೆಂಟು ಎರಡೂ ಇದ್ದವು.

ಸೋರಿಕೆ ಎಲ್ಲಿಂದ ಶುರುವಾಗುತ್ತೆ? ಹಿಂದಿನ ಸೀಟಿಗೂ ಹೀಟರ್ ಇರೋ ವ್ಯಾನ್‌ಗಳಲ್ಲಿ ಬಿಸಿ ಕೂಲೆಂಟನ್ನು ಹಿಂದಕ್ಕೆ ಒಯ್ಯೋ ಲೋಹದ ಪೈಪುಗಳು ಗಾಡಿಯ ಹೊಟ್ಟೆಯಡಿ ಹಾದು ಹೋಗ್ತವೆ. ಕೆಸರು, ಉಪ್ಪು, ನೀರು ಬಡಿದು ಬಡಿದು ಅವು ತುಕ್ಕು ಹಿಡೀತವೆ. ಹಳೇ ಡೆಲಿಕಾ ನೋಡೋಕೆ ಹೋದಾಗ ಮೊದಲು ಟಾರ್ಚ್ ಹಿಡಿದು ಕೆಳಗೆ ಮಲಗಿ ನೋಡಬೇಕಾದ್ದು ಇದನ್ನೇ. ಎರಡನೇದು ರೇಡಿಯೇಟರ್, ಮೂರನೇದು ರಬ್ಬರ್ ಹೋಸ್‌ಗಳು, ನಾಲ್ಕನೇದು ರೇಡಿಯೇಟರ್ ಕ್ಯಾಪ್. ಕ್ಯಾಪ್ ಚಿಕ್ಕದು ಅಂತ ಬಿಡಬೇಡಿ. ಒಳಗಿನ ಒತ್ತಡ ಹಿಡಿದಿಡೋದು ಅದೇ, ಒತ್ತಡ ಇದ್ದರೇನೇ ಕೂಲೆಂಟ್ 100 ಡಿಗ್ರಿ ದಾಟಿದರೂ ಕುದಿಯದೆ ಇರೋದು.

ನಾನು ಹಾಕಿಸಿದ ಮೊದಲ ಮಾಡಿಫಿಕೇಶನ್

ಗಾಡಿ ಮನೆಗೆ ಬಂದ ತಿಂಗಳಲ್ಲೇ ಎರಡು ಅಲಾರ್ಮ್ ಹಾಕಿಸಿದೆ. ಒಂದು, ಕೂಲೆಂಟ್ ಮಟ್ಟ ಇಳಿದ ಕೂಡಲೇ ಕೂಗೋದು. ಇನ್ನೊಂದು, ಎಂಜಿನ್ನಿನ ಲೋಹಕ್ಕೇ ಅಂಟಿಸೋ ಸೆನ್ಸರ್. ಕೂಲೆಂಟ್ ಇರಲಿ ಬಿಡಲಿ, ಲೋಹ ಬಿಸಿಯಾದರೆ ಇದು ಕೂಗುತ್ತೆ. ಎರಡೂ ಸೇರಿ ಒಂದು ಒಳ್ಳೆ ಟೈರಿನ ಬೆಲೆಯೂ ಆಗಲಿಲ್ಲ. ಫೋಟೋದಲ್ಲಿ ಕಾಣಲ್ಲ, ಲೈಕೂ ಬರಲ್ಲ. ಆದ್ರೆ ನನ್ನ ವ್ಯಾನಿನಲ್ಲಿ ಅತಿ ಮುಖ್ಯವಾದ ವಸ್ತು ಯಾವುದು ಅಂದ್ರೆ ಇವೇ.

ಅಲಾರ್ಮ್ ಕೂಗಿದರೆ ಏನು ಮಾಡ್ಬೇಕು? ಎಸಿ ಆಫ್ ಮಾಡಿ, ಕ್ಯಾಬಿನ್ ಹೀಟರ್ ಪೂರ್ತಿ ಆನ್ ಮಾಡಿ, ಎಂಜಿನ್ನಿನ ಬಿಸಿ ಸ್ವಲ್ಪ ಒಳಗೆ ಬರಲಿ. ಸುರಕ್ಷಿತ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ಬಿಸಿಯಾಗಿರುವಾಗ ಕ್ಯಾಪ್ ಮುಟ್ಟಲೇಬೇಡಿ. ಒಳಗಿನ ಒತ್ತಡಕ್ಕೆ ಕುದಿಯೋ ನೀರು ಮುಖಕ್ಕೇ ಹಾರುತ್ತೆ. ಪೂರ್ತಿ ತಣ್ಣಗಾದ ಮೇಲೇನೇ ನೀರು ಹಾಕೋದು. ಕಾದ ಕಾವಲಿಗೆ ತಣ್ಣೀರು ಹೊಯ್ದ ಹಾಗೆ ಮಾಡಿದರೆ ಉಳಿದಿದ್ದ ಹೆಡ್ಡೂ ಹೋಗುತ್ತೆ.

ಎಣ್ಣೆ, ಫಿಲ್ಟರ್, ಬೆಲ್ಟ್

ಹಳೇ ಡೀಸೆಲ್ ಎಂಜಿನ್ ಆಯಿಲನ್ನು ಬೇಗ ಕಪ್ಪು ಮಾಡುತ್ತೆ, ಮಸಿ ಜಾಸ್ತಿ. ನಾನು 5,000 ಕಿ.ಮೀ.ಗೆ ಆಯಿಲ್, ಫಿಲ್ಟರ್ ಎರಡೂ ಬದಲಾಯಿಸ್ತೀನಿ. ಕೂಲೆಂಟ್ ಎರಡು ವರ್ಷಕ್ಕೊಮ್ಮೆ. ಡೀಸೆಲ್ ಫಿಲ್ಟರಿನ ತಳದಲ್ಲಿ ನೀರು ಸೇರಿಕೊಳ್ಳುತ್ತೆ, ಅದನ್ನು ಆಗಾಗ ಬಸಿದು ಬಿಡ್ಬೇಕು, ಇಲ್ಲದಿದ್ರೆ ಇಂಜೆಕ್ಷನ್ ಪಂಪಿಗೇ ಪೆಟ್ಟು. 2.8 ಎಂಜಿನ್ನಿನಲ್ಲಿ ಟೈಮಿಂಗ್ ಚೈನ್ ಇದೆ. ಇದಕ್ಕಿಂತ ಹಿಂದಿನ 2.5 ಲೀಟರ್ ಡೆಲಿಕಾದಲ್ಲಿ ಇರೋದು ಬೆಲ್ಟ್, ಸುಮಾರು 1 ಲಕ್ಷ ಕಿ.ಮೀ.ಗೆ ಬದಲಾಯಿಸಲೇಬೇಕು. ಮಾರೋರು "ಬದಲಾಯಿಸಿದೀವಿ" ಅಂದ್ರೆ ಸಾಲದು, ಬಿಲ್ ತೋರಿಸಿ ಅನ್ನಿ.

ಆ ಎರಡನೇ ಗೇರ್ ಲಿವರ್

ಈ ವ್ಯಾನಲ್ಲಿ ಫೋರ್ ವೀಲ್ ಡ್ರೈವ್‌ಗೆ ಪ್ರತ್ಯೇಕ ಲಿವರ್ ಇದೆ, ನಾಲ್ಕು ಸ್ಥಾನ. ಮೊದಲನೇದು 2 ಎಚ್, ಬರೀ ಹಿಂದಿನ ಚಕ್ರಗಳು ತಳ್ಳೋದು. ಎರಡನೇದು 4 ಎಚ್, ಮಳೆಯ ಡಾಂಬರು ರಸ್ತೆಯಲ್ಲೂ ಬಳಸಬಹುದು, ಯಾಕಂದ್ರೆ ಮುಂದಿನ-ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಮಧ್ಯದ ಡಿಫರೆನ್ಶಿಯಲ್ ಅವಕಾಶ ಕೊಡುತ್ತೆ. ಮೂರನೇದರಲ್ಲಿ ಆ ಡಿಫರೆನ್ಶಿಯಲ್ ಲಾಕ್ ಆಗುತ್ತೆ. ಅದು ಮರಳು, ಕೆಸರು, ಹಿಮಕ್ಕೆ ಮಾತ್ರ. ಒಣ ಡಾಂಬರಿನಲ್ಲಿ ಹಾಕಿದರೆ ತಿರುವಿನಲ್ಲಿ ಗೇರುಗಳು ಒಂದನ್ನೊಂದು ಹಿಂಡುತ್ತವೆ. ನಾಲ್ಕನೇದು ಲೋ ರೇಂಜ್, ಗಾಡಿ ನಿಲ್ಲಿಸಿ ಹಾಕೋದು, ಆಮೆ ವೇಗದ ಕಡಿದಾದ ಏರಿಗೆ. ನಾಲ್ಕೂ ಟೈರು ಒಂದೇ ಅಳತೆ, ಹೆಚ್ಚುಕಮ್ಮಿ ಒಂದೇ ಸವೆತ ಇರ್ಬೇಕು. ಎರಡು ಹೊಸದು, ಎರಡು ಸವೆದದ್ದು ಹಾಕಿದರೆ ಈ ವ್ಯವಸ್ಥೆ ಸುಮ್ಮನೆ ಸವೀತಾ ಹೋಗುತ್ತೆ.

ನೈಂಟಿ ಮೈಲ್ ಬೀಚ್‌ನಲ್ಲಿ ಓಡಿಸೋ ಆಸೆ ಎಲ್ಲರಿಗೂ ಇರುತ್ತೆ. ಹೆಸರಲ್ಲಿ ತೊಂಬತ್ತು ಮೈಲಿ, ನಿಜವಾದ ಉದ್ದ ಸುಮಾರು 88 ಕಿ.ಮೀ. ಇಳಿತದ ಹೊತ್ತು ನೋಡಿಕೊಂಡೇ ಇಳೀರಿ. ಟೈರ್ ಗಾಳಿಯನ್ನು ಸುಮಾರು 18 ಪಿಎಸ್‌ಐಗೆ ಇಳಿಸಿ, ಡಾಂಬರಿಗೆ ವಾಪಸ್ ಬಂದಾಗ ಮತ್ತೆ ತುಂಬಿಸಿ. ಅವತ್ತೇ ಗಾಡಿಯ ಹೊಟ್ಟೆಯಡಿ ಸಿಹಿನೀರು ಹೊಡೆದು ತೊಳೀರಿ. ಆ ಪೈಪುಗಳನ್ನು ತಿನ್ನೋದು ಇದೇ ಉಪ್ಪು.

ಕೊನೆಗೆ ಫ್ರಿಜ್ಜು, ಹಾಸಿಗೆ

ಲೆಕ್ಕ ಸುಲಭ. 40 ಲೀಟರಿನ 12 ವೋಲ್ಟ್ ಕಂಪ್ರೆಸರ್ ಫ್ರಿಜ್ ದಿನಕ್ಕೆ ಸರಾಸರಿ 30 ಆಂಪ್-ಅವರ್ ಎಳೆಯುತ್ತೆ. 100 ಆಂಪ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ 80 ಬಳಸಿದರೂ ಎರಡೂವರೆ ದಿನ. ಎಂಜಿನ್ ಸ್ಟಾರ್ಟ್ ಮಾಡೋ ಬ್ಯಾಟರಿಗೆ ಫ್ರಿಜ್ ಜೋಡಿಸ್ಬೇಡಿ. ಪ್ರತಿ ವೈರಿಗೂ ಬ್ಯಾಟರಿ ಹತ್ತಿರವೇ ಫ್ಯೂಸ್ ಇರಲಿ. ಡೀಸೆಲ್ ಹೀಟರ್ ಹಾಕಿ ಮಲಗೋರು ಕಾರ್ಬನ್ ಮಾನಾಕ್ಸೈಡ್ ಅಲಾರ್ಮ್ ಇಲ್ಲದೆ ಮಲಗಲೇಬೇಡಿ, ಆ ಅನಿಲಕ್ಕೆ ವಾಸನೆಯೇ ಇಲ್ಲ. ತೂಕವನ್ನೂ ಕೂಡಿಸಿ: 40 ಲೀಟರ್ ನೀರು ಅಂದ್ರೆ 40 ಕೆಜಿ. ಭಾರ ಎಲ್ಲ ಮೇಲೆ ಹೇರಿದರೆ ಎತ್ತರದ ವ್ಯಾನ್ ತಿರುವಿನಲ್ಲಿ ವಾಲುತ್ತೆ, ಬ್ರೇಕಿಗೂ ಎಂಜಿನ್ನಿಗೂ ಹೊರೆ.

ಊರಲ್ಲಿ ಕೇಳ್ತಾ ಇರೋರಿಗೆ ಒಂದು ಮಾತು. ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರೋ ವಿವರ ಬದಲಾಗೋ ಹಾಗೆ ಗಾಡಿಯನ್ನು ಮನಸ್ಸಿಗೆ ಬಂದಂತೆ ಮಾರ್ಪಡಿಸೋ ಹಾಗಿಲ್ಲ. ತಪ್ಪಿದರೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಬೀಳಬಹುದು, ಆರು ತಿಂಗಳವರೆಗೆ ಜೈಲೂ ಆಗಬಹುದು. ಟೆಂಪೊ ಟ್ರಾವೆಲರ್‌ಗೆ ಹಾಸಿಗೆ ಕೂರಿಸೋಕೆ ಮುಂಚೆ ಆರ್‌ಟಿಒದಲ್ಲಿ ವಿಚಾರಿಸಿ. ಆದ್ರೆ ಕೂಲೆಂಟ್, ಹೋಸ್, ಬ್ರೇಕ್ ಸರಿ ಇಟ್ಕೊಳ್ಳೋಕೆ ಯಾರ ಅನುಮತಿಯೂ ಬೇಡ. ಶಿರಾಡಿ ಘಾಟಿಗೂ ಅದೇ ಬೇಕು, ಡೆಸರ್ಟ್ ರೋಡಿಗೂ ಅದೇ ಬೇಕು.

ಹೊರಡೋ ದಿನ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ ಹತ್ತು ನಿಮಿಷ ಕೊಡಿ: ಕೂಲೆಂಟ್ ಮಟ್ಟ, ಆಯಿಲ್, ಬ್ರೇಕ್ ಆಯಿಲ್, ಟೈರ್ ಗಾಳಿ, ಗಾಡಿ ನಿಂತಿದ್ದ ಜಾಗದಲ್ಲಿ ನೆಲದ ಮೇಲೆ ಒದ್ದೆ ಕಲೆ ಏನಾದ್ರೂ ಇದೆಯಾ ಅಂತ. ಇಷ್ಟು ನೋಡಿ ಹೊರಡಿ. ಮುಂದಿನ ಸಂಚಿಕೆಯಲ್ಲಿ ವ್ಯಾನಿನೊಳಗೆ ಅಡುಗೆ, ಅದೂ ಒಂದೇ ಬರ್ನರಿನಲ್ಲಿ ಅನ್ನ-ಸಾರು.