ಖರ್ಜೂರದ ಬೀಜದ ಕುರಿಮಂದೆ

ತೊಳೆದು ಒಣಗಿಸಿದ ಹತ್ತು ಖರ್ಜೂರದ ಬೀಜ, ಒಂದು ಸ್ಟೀಲ್ ಬಟ್ಟಲು. ಸೌದಿ ಅರೇಬಿಯಾದ ಜುಬೈಲ್‌ನಲ್ಲಿ, ಕನ್ನಡದ ಕ್ರೈಸ್ತ ಕುಟುಂಬವೊಂದರ ಫ್ಲ್ಯಾಟಿನ ಹಾಲ್‌ನಲ್ಲಿ ಶುಕ್ರವಾರದ ಪಾಠಕ್ಕೆ ಬೇಕಾದ ಸಾಮಗ್ರಿ ಇಷ್ಟೇ. ಬೀಜಗಳೇ ಕುರಿ, ಜಮಖಾನವೇ ಹಟ್ಟಿ. ನಾಲ್ಕೂವರೆ ವರ್ಷದ ಮೊಮ್ಮಗ ಕುರುಬ. ಅವನು ಕಣ್ಣು ಮುಚ್ಚಿದಾಗ ಅಜ್ಜಿ ಕೆಲವು ಬೀಜಗಳನ್ನು ಬಟ್ಟಲಿನಡಿ ಸರಿಸುತ್ತಾರೆ.

“ಎಷ್ಟು ಕುರಿ ತಪ್ಪಿಸಿಕೊಂಡವು ಮಗಾ? ಬಟ್ಟಲು ಎತ್ತಲಿಕ್ಕಿಲ್ಲ, ಆಯ್ತಾ?”

ಹುಡುಗ ಹೊರಗಿರುವುದನ್ನು ಎಣಿಸುತ್ತಾನೆ. ಏಳು. ಆಮೇಲೆ ಹತ್ತು ಬೆರಳನ್ನೂ ಬಿಡಿಸಿ, ಒಂದೊಂದು ಬೀಜಕ್ಕೆ ಒಂದೊಂದು ಬೆರಳು ಮಡಚುತ್ತಾ ಹೋಗುತ್ತಾನೆ. ಉಳಿದದ್ದು ಮೂರು. ಅಜ್ಜಿ ಹೌದು ಅನ್ನುವುದಿಲ್ಲ, ಅಲ್ಲ ಅನ್ನುವುದಿಲ್ಲ. “ನಿನಗೆ ಹೇಗೆ ಗೊತ್ತಾಯ್ತು?” ಅನ್ನುತ್ತಾರೆ. ಅವನು ಮತ್ತೆ ಬೆರಳು ಮಡಚಿ ತೋರಿಸುತ್ತಾನೆ. ಅವನ ಅಕ್ಕನ ದಾರಿ ಬೇರೆ. ಆಕೆ ಬೀಜಗಳನ್ನು ಐದೈದರ ಎರಡು ಸಾಲಾಗಿ ಜೋಡಿಸಿ, ಎರಡನೇ ಸಾಲಿನ ಖಾಲಿ ಜಾಗ ನೋಡಿಯೇ ಉತ್ತರ ಹೇಳುತ್ತಾಳೆ. ಬಟ್ಟಲು ಮೇಲೇಳುವುದು ಇಬ್ಬರ ವಿವರಣೆಯೂ ಮುಗಿದ ಮೇಲೆ.

ಲೂಕನ ಸುವಾರ್ತೆಯ ಹದಿನೈದನೇ ಅಧ್ಯಾಯದಲ್ಲಿ ಬರುವ ಕಳೆದುಹೋದ ಕುರಿಯ ಕಥೆ ಇದು. ಅಲ್ಲಿ ನೂರು ಕುರಿ, ಇಲ್ಲಿ ಹತ್ತು. “ಈ ಪ್ರಾಯಕ್ಕೆ ನೂರು ಅಂದರೆ ಬರೀ ಶಬ್ದ. ಹತ್ತಾದರೆ ಕೈಗೆ ಸಿಗ್ತದೆ” ಎನ್ನುವುದು ಅಜ್ಜಿಯ ಲೆಕ್ಕ. ಕಳೆದದ್ದು ಸಿಕ್ಕಾಗಿನ ಸಂತೋಷ ಏನೆಂದು ಮಗುವಿಗೆ ಬೇರೆಯಾಗಿ ಬೋಧಿಸಬೇಕಿಲ್ಲ.

ಮಂಗಳೂರಿನ ಚರ್ಚ್ ಶಾಲೆಯೊಂದರ ನರ್ಸರಿಯಲ್ಲಿ ಆಯುಷ್ಯದ ಬಹುಪಾಲು ಕಳೆದ ಈ ಅಜ್ಜಿಯನ್ನು ಜುಬೈಲ್‌ನ ಪರಿಚಿತರೆಲ್ಲ ಕರೆಯುವುದು ‘ಟೀಚರ್’ ಎಂದೇ. ವಿಸಿಟ್ ವೀಸಾದಲ್ಲಿ ಮಗಳ ಮನೆಗೆ ಬಂದಿದ್ದಾರೆ. ಊರಿನ ನರ್ಸರಿಯಲ್ಲಿ ಅವರ ಕುರಿಗಳಾಗಿದ್ದದ್ದು ಮಂಜೊಟ್ಟಿ ಕಾಯಿ. ತುಳುನಾಡಿನ ಚೆನ್ನೆಮಣೆಯಲ್ಲಿ ಆಡುವ ಕೆಂಪು ಬೀಜ. ಬಂಡೆಯ ಮೇಲೆ ಮತ್ತು ಮರಳಿನ ಮೇಲೆ ಕಟ್ಟಿದ ಮನೆಗಳ ಸಾಮ್ಯವನ್ನು ತಟ್ಟೆಯಲ್ಲಿ ಮರಳು, ಚಪ್ಪಟೆ ಕಲ್ಲು ಇಟ್ಟು, ಚೊಂಬಿನಿಂದ ನೀರು ಸುರಿದು ಮಕ್ಕಳೇ ಪರೀಕ್ಷಿಸುತ್ತಿದ್ದರಂತೆ. ನೋಹನ ನಾವೆಗೆ ಕಾಗದದ ದೋಣಿ: ಮಗುಚದಂತೆ ಕಾಯಿಗಳನ್ನು ಎಲ್ಲೆಲ್ಲಿ ಇಡಬೇಕು ಎನ್ನುವುದು ಪ್ರಶ್ನೆ. ಐದು ರೊಟ್ಟಿ, ಎರಡು ಮೀನಿನ ಕಥೆಯ ದಿನ ಹಂಚಿಕೆಯ ಲೆಕ್ಕ.

ಸೌದಿಯಲ್ಲಿ ಚರ್ಚ್‌ಗಳಿಲ್ಲ, ಕ್ರೈಸ್ತ ಶಾಲೆಗಳೂ ಇಲ್ಲ. 1975ರಲ್ಲಿ ಸ್ಥಾಪನೆಯಾದ ರಾಯಲ್ ಕಮಿಷನ್, ಮೀನುಗಾರರ ಊರಾಗಿದ್ದ ಜುಬೈಲ್‌ನ ಪಕ್ಕದಲ್ಲಿ ಭಾರೀ ಕೈಗಾರಿಕಾ ನಗರವನ್ನೇ ಎಬ್ಬಿಸಿತು. ದುಡಿಯಲು ಕರಾವಳಿಯವರೂ ಬಂದರು. ಇವರ ಮಕ್ಕಳು ಸಿಬಿಎಸ್‌ಇ ಪಠ್ಯದ ಭಾರತೀಯ ಶಾಲೆಗಳಿಗೆ ಹೋಗುತ್ತಾರೆ. ಬೈಬಲ್ಲಿನ ಕಥೆ, ಕನ್ನಡದ ಮಾತು ಮನೆಯವರ ಪಾಲಿಗೆ.

ಇಂಥ ಆಟದ ಪಾಠದ ಬಗ್ಗೆ ಟೀಚರ್ ಹೇಳುವ ಚರಿತ್ರೆ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನಿಂದ ಶುರುವಾಗುತ್ತದೆ. 1834ರಲ್ಲಿ ಮಿಷನರಿಗಳು ಮಂಗಳೂರಿಗೆ ಬಂದಿಳಿದರು. ಶಾಲೆಗಳು ಬಂದವು; 1841ರಲ್ಲಿ ಮುದ್ರಣಾಲಯ, 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ. ಅದೇ ಕಾಲಕ್ಕೆ ಜರ್ಮನಿಯಲ್ಲಿ ಪಾದ್ರಿಯ ಮಗ ಫ್ರೆಡ್ರಿಕ್ ಫ್ರೊಬೆಲ್, ಮಕ್ಕಳ ಕೈಗೆ ಉಣ್ಣೆಯ ಚೆಂಡು, ಮರದ ಗೋಳ, ಘನ, ಸಿಲಿಂಡರ್ ಕೊಟ್ಟು ಆಟವನ್ನೇ ಪಾಠ ಮಾಡಿದ್ದರು. 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟರು. ಇದು ನಾಸ್ತಿಕತೆ ಕಲಿಸುತ್ತದೆಂದು ಆರೋಪಿಸಿ 1851ರಲ್ಲಿ ಪ್ರಷ್ಯಾ ಸರಕಾರ ನಿಷೇಧಿಸಿತು. ಮರುವರ್ಷ ಫ್ರೊಬೆಲ್ ತೀರಿಕೊಂಡರು. ನಿಷೇಧ ತೆರವಾದದ್ದು 1860ರಲ್ಲಿ. ಆಟಕ್ಕೂ ದೇವರಿಗೂ ವಿರೋಧವಿಲ್ಲವೆಂದು ನಂಬಿದ್ದವರ ಕೆಲಸಕ್ಕೆ ಸಿಕ್ಕ ಮರ್ಯಾದೆ ಅದು. ಇದನ್ನು ಹೇಳುವಾಗ ಟೀಚರ್ ದನಿ ಇಂದಿಗೂ ಬಿಸಿಯಾಗುತ್ತದೆ.

ಆಟದ ಪಾಠಕ್ಕೆ ಈಗಿನ ಅಡ್ಡಿ ಸರಕಾರದ್ದಲ್ಲ. ಭಾರತದ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 2022ರಲ್ಲಿ ಬಂದ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟೂ ಆಟದ ಕಲಿಕೆಯನ್ನೇ ಎತ್ತಿಹಿಡಿಯುತ್ತವೆ. ಆದರೆ ಮೂರು ವರ್ಷದ ಮಗು ಮನೆಗೆ ಬಂದ ಕೂಡಲೇ ಅಪ್ಪ ಅಮ್ಮ ಕೇಳುವುದು, “ಇವತ್ತು ಏನು ಬರೆದೆ?” ಬರೆದ ಪುಟವನ್ನು ತೋರಿಸಬಹುದು, ಬೆರಳು ಮಡಚಿ ಹುಡುಕಿದ ಉತ್ತರವನ್ನು ಚೀಲದಲ್ಲಿ ಹಾಕಿ ಕಳುಹಿಸಲಾಗದು. ಹಾಗಾಗಿ ಊರಿನ ನರ್ಸರಿಗಳಲ್ಲೂ ಕಾಯಿ, ಮರಳು, ಚೊಂಬು ಕಪಾಟು ಸೇರಿ, ಚುಕ್ಕಿ ತಿದ್ದುವ ವರ್ಕ್‌ಬುಕ್ ಮೇಜಿಗೆ ಬಂದಿದೆ.

ವೀಸಾ ಮುಗಿದರೆ ಟೀಚರ್ ಊರಿಗೆ ಮರಳುತ್ತಾರೆ. ಅಲ್ಲಿ ಅವರಿಗೀಗ ತರಗತಿಯಿಲ್ಲ. ಮಗು ತಾನೇ ಉತ್ತರ ಕಂಡುಕೊಳ್ಳುವವರೆಗೆ ಬಾಯಿಬಿಡದೆ ಕಾಯುವ ಅವರ ತಾಳ್ಮೆ ಯಾವ ಕೈಪಿಡಿಯಿಂದಲೂ ಬರುವಂಥದ್ದಲ್ಲ, ಪಕ್ಕದಲ್ಲಿ ಕೂತು ನೋಡಿಯೇ ಬರಬೇಕು. ನಿವೃತ್ತಿಯ ದಿನ ಶಾಲು ಹೊದೆಸಿ ಬೀಳ್ಕೊಟ್ಟ ಶಾಲೆಗಳು, ಇಂಥವರನ್ನು ವರ್ಷವೊಪ್ಪತ್ತು ಹೊಸ ಟೀಚರ್‌ಗಳ ಜೊತೆ ಕೂರಿಸಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು! ಈಗಲೂ ಕರೆದರೆ ಅವರು ಇಲ್ಲವೆನ್ನುವವರಲ್ಲ.