ಹೊಸತೊಡಕಿನ ಕೊಬ್ಬು ನಾಯಿಗಲ್ಲ

ತಪ್ಪು ಕಲ್ಪನೆ: ನಾಯಿ ಎಷ್ಟು ಕೊಬ್ಬು ತಿಂದರೂ ಅರಗಿಸಿಕೊಳ್ಳುತ್ತದೆ.
ವಾಸ್ತವ: ಯುಗಾದಿಯ ಮರುದಿನದ ಹೊಸತೊಡಕಿಗೆ ಚಿತ್ರದುರ್ಗ, ಹಿರಿಯೂರು ಕಡೆ ಬಾಡೂಟದ ಮನೆಗಳಲ್ಲಿ ಮಾಂಸದಿಂದ ಬಿಡಿಸಿದ ಬಿಳಿ ಕೊಬ್ಬೂ ಪಾತ್ರೆಯ ತಳದ ಜಿಡ್ಡೂ ನಾಯಿಯ ಪಾಲಾಗುತ್ತವೆ. ವರ್ಷವಿಡೀ ಮುದ್ದೆ, ಅನ್ನ ತಿಂದ ಜೀವಕ್ಕೆ ಅಂದು ಒಮ್ಮೆಲೇ ಜಿಡ್ಡು. ಕೆಲವು ನಾಯಿಗಳಿಗೆ ಆ ಒಂದೂಟವೇ ಸಾಕು: ಮೇದೋಜೀರಕ ಗ್ರಂಥಿಗೆ ಉರಿಯೂತ ಬರುತ್ತದೆ. ಕರುಳಿಗಿಳಿದ ಮೇಲೆ ಕೆಲಸ ಶುರುಮಾಡಬೇಕಾದ ಜೀರ್ಣರಸ ಗ್ರಂಥಿಯೊಳಗೇ ಎಚ್ಚೆತ್ತು ಅದನ್ನೇ ಅರಗಿಸತೊಡಗುತ್ತದೆ. ಮತ್ತೆ ಮತ್ತೆ ವಾಂತಿ, ಊಟ ಬಿಡುವುದು, ಮುಂಗಾಲು ಚಾಚಿ ಹಿಂಭಾಗ ಮೇಲೆತ್ತಿ ನಿಲ್ಲುವುದು ಇದರ ಗುರುತು. ಇದನ್ನು ಬರಿಯ ಅಜೀರ್ಣವೆಂದು ಕಾಯುತ್ತ ಕೂರಬೇಡಿ, ಪ್ರಾಣವೇ ಹೋಗಬಹುದು. ಅದೇ ದಿನ ಪಶುವೈದ್ಯರಿಗೆ ತೋರಿಸಿ.

ತಪ್ಪು ಕಲ್ಪನೆ: ಮಾಂಸ ಹಾಕದ ಮನೆಯ ನಾಯಿಗೆ ಈ ಭಯವಿಲ್ಲ.
ವಾಸ್ತವ: ಕೊಬ್ಬು ಮಾಂಸದಲ್ಲಷ್ಟೇ ಇಲ್ಲ. ಎಣ್ಣೆ ಗಾಣಗಳಿಗೆ ಹೆಸರಾದ ಚಳ್ಳಕೆರೆ ನಮ್ಮ ಪಕ್ಕದಲ್ಲೇ ಇದೆ. ಅಲ್ಲಿ ಗಾಣಕ್ಕೆ ಹಾಕುವ ಶೇಂಗಾದಲ್ಲಿ ಸುಮಾರು ಅರ್ಧದಷ್ಟು ಎಣ್ಣೆ. ಹೊಸದುರ್ಗ, ಹೊಳಲ್ಕೆರೆಯ ತೋಟದ ಮನೆಗಳಲ್ಲಿ ಪ್ರೀತಿಯಿಂದ ಕೊಡುವ ಕೊಬ್ಬರಿಯಲ್ಲಿ ಶೇಕಡಾ 60ಕ್ಕಿಂತ ಹೆಚ್ಚು ಕೊಬ್ಬು. ರಾಗಿಮುದ್ದೆಯಲ್ಲಿ ಕೊಬ್ಬು ಕಡಿಮೆಯೇ. ಅದರ ಮೇಲೆ ಸುರಿಯುವ ತುಪ್ಪ, ಒಗ್ಗರಣೆಗಳದ್ದೇ ತೊಂದರೆ. ಸಾರಿನ ಈರುಳ್ಳಿಯಂತೂ ನಾಯಿಯ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ.

ತಪ್ಪು ಕಲ್ಪನೆ: ಕೊಲೆಸ್ಟರಾಲ್ ಏರಿದರೆ ಮನುಷ್ಯರಂತೆ ನಾಯಿಗೂ ಹೃದಯಾಘಾತ.
ವಾಸ್ತವ: ನಾಯಿಗಳಲ್ಲಿ ರಕ್ತನಾಳ ಕಟ್ಟಿಕೊಳ್ಳುವುದು ಅಪರೂಪ. ಹೆಚ್ಚು ಗಮನಿಸಬೇಕಾದ್ದು ರಕ್ತದಲ್ಲಿನ ಇನ್ನೊಂದು ಕೊಬ್ಬು, ಟ್ರೈಗ್ಲಿಸರೈಡ್.

ತಪ್ಪು ಕಲ್ಪನೆ: ಪರೀಕ್ಷೆಗೆ ರಕ್ತ ಯಾವಾಗ ತೆಗೆದರೂ ಒಂದೇ.
ವಾಸ್ತವ: ಉಂಡ ಮೇಲೆ ಕೆಲವು ಗಂಟೆ ಕೊಬ್ಬಿನ ಮಟ್ಟ ಏರುವುದು ಸಹಜ. ಹಾಗಾಗಿ 12 ಗಂಟೆ ಊಟ ಬಿಡಿಸಿ, ನೀರು ಮಾತ್ರ ಕೊಟ್ಟು ಪರೀಕ್ಷಿಸಬೇಕು. ಆಗ ಟ್ರೈಗ್ಲಿಸರೈಡ್ ಡೆಸಿಲೀಟರಿಗೆ ಸುಮಾರು 150 ಮಿಲಿಗ್ರಾಂ ಒಳಗಿರಬೇಕು. 500 ದಾಟಿದರೆ ಆಹಾರ ಬದಲಿಸದೆ ವಿಧಿಯಿಲ್ಲ. ಆಗಲೂ ರಕ್ತದ ತಿಳಿಭಾಗವಾದ ಸೀರಂ ಹಾಲಿನಂತೆ ಬೆಳ್ಳಗಿದ್ದರೆ ಊಟವನ್ನಷ್ಟೇ ದೂರಬಾರದು. ಥೈರಾಯ್ಡ್ ಕೊರತೆ, ಸಕ್ಕರೆ ಕಾಯಿಲೆ, ಕುಶಿಂಗ್ಸ್ (ಕಾರ್ಟಿಸಾಲ್ ಹಾರ್ಮೋನು ಅತಿಯಾಗುವುದು) ರೋಗಗಳನ್ನೂ ಹುಡುಕಬೇಕು. ಮಿನಿಯೇಚರ್ ಶ್ನೌಜರ್ ತಳಿಗೆ ರಕ್ತದಲ್ಲಿ ಕೊಬ್ಬು ಏರುವ ಈ ತೊಂದರೆ ವಂಶದಿಂದಲೇ ಬರುವುದುಂಟು.

ತಪ್ಪು ಕಲ್ಪನೆ: ಉರಿಯೂತಕ್ಕೆ ಮೀನೆಣ್ಣೆ ಎಷ್ಟು ಕೊಟ್ಟರೂ ಒಳ್ಳೆಯದೇ.
ವಾಸ್ತವ: ಅದರ ಒಮೆಗಾ-3 ಟ್ರೈಗ್ಲಿಸರೈಡ್ ಇಳಿಸಲು ನೆರವಾಗುವುದು ನಿಜ. ಆದರೆ ಅದೂ ಎಣ್ಣೆಯೇ. ಪ್ರಮಾಣವನ್ನು ವೈದ್ಯರೇ ಹೇಳಬೇಕು. ನೋವಿಗೆಂದು ಮನೆಯಲ್ಲಿರುವ ಐಬುಪ್ರೊಫೆನ್ ಮಾತ್ರ ಎಂದೂ ಕೊಡಬೇಡಿ: ಅದು ನಾಯಿಯ ಹೊಟ್ಟೆಯಲ್ಲಿ ಹುಣ್ಣೆಬ್ಬಿಸುತ್ತದೆ, ಮೂತ್ರಪಿಂಡ ಕೆಡಿಸುತ್ತದೆ.